ಟಪಾಲಿನವ

ಕಾರವಾರದ ಬಂದರು ಕಚೇರಿಯಲ್ಲಿ ನಾನು ಟಪಾಲಿನವ.
ಇಪ್ಪತ್ತಾರು ವರ್ಷ. ಹನ್ನೊಂದು ಮೇಜು.
ಫೈಲು ಹೋಗುವ ದಾರಿಗೆ ವಹಿಯಿದೆ:
ಯಾರು ಕೊಟ್ಟರು, ಯಾರು ಇಸಕೊಂಡರು, ಎಷ್ಟು ಹೊತ್ತಿಗೆ, ಸಹಿ.
ಮಾತು ಹೋಗುವ ದಾರಿಗೆ ವಹಿಯಿಲ್ಲ.
ಆದರೂ ನನಗದು ಬಾಯಿಪಾಠ.

ಹೊಸ ಮೇಡಂ ಬಂದದ್ದು ಒಂದು ಮಂಗಳವಾರ,
ಬೀದರ ಕಡೆಯವರು, ಜತೆಗೆ ಹೆಬ್ಬೆಟ್ಟೊತ್ತುವ ಯಂತ್ರ.
ಅವರ ಅಹಂಕಾರ ಮಾತ್ರ
ಸೋಮವಾರವೇ ಬಂದು ತಲುಪಿತ್ತು.
ತಂದವ ಪೆಡ್ನೇಕರ. ಅವನ ಷಡ್ಡಕ
ಹೊನ್ನಾವರದಲ್ಲಿ ಅವರ ಕೈಕೆಳಗಿದ್ದವನ ಸ್ನೇಹಿತ.

ಹತ್ತೂವರೆಗೆ ಅದು ಪೆಡ್ನೇಕರನದು.
ಹನ್ನೊಂದಕ್ಕೆ ಚಹದ ಜತೆ ಲೆಕ್ಕಪತ್ರದವರದು.
ಊಟಕ್ಕೆ ಅನಸೂಯಾ ತಾಂಡೇಲರ ಡಬ್ಬಿ ತೆರೆದಾಗ
ಬಂಗಡೆ ಹುಳಿಯೊಂದಿಗೆ ನಾಲ್ಕು ತಟ್ಟೆಗೆ ಬಿತ್ತು,
ಇನ್ನಷ್ಟು ಖಾರವಾಗಿ.
ಮೂರಕ್ಕೆ ಮಾಳಿಗೆ ಹತ್ತಿ ಸರ್ವೆ ಕೋಣೆ ಮುಟ್ಟುವಾಗ
ಮೇಡಂ ಯಾರನ್ನೋ ಅಳಿಸಿದ್ದರು.
ಐದೂಕಾಲರ ಸದಾಶಿವಗಡ ಬಸ್ಸು
ಕಾಳಿ ಸೇತುವೆ ದಾಟುವ ಮೊದಲೇ
ಅಳಿಸಿದ್ದು ಬಸುರಿಯನ್ನು ಎಂದಾಗಿತ್ತು.

ಮಾಜಾಳಿಯ ವಿಮಲಾ ಒಬ್ಬಳೇ ಅಂದಳು,
"ನನಗೇನೋ ಅವರು ಒಳ್ಳೆಯವರ ಹಾಗೇ ಕಂಡರಪ್ಪ."
ಯಾರೂ ಎದುರಾಡಲಿಲ್ಲ.
ಮರುದಿನ ಡಬ್ಬಿಯ ಸುತ್ತ ಕುರ್ಚಿಗಳು
ಒಂದಕ್ಕೊಂದು ತುಸು ಹತ್ತಿರವಿದ್ದವು,
ಐದನೆಯದಕ್ಕೆ ಜಾಗ ಸಾಲದಷ್ಟು.
ಶುಕ್ರವಾರ ಅವಳೂ ಹೇಳಿದಳು, "ಹೌದು, ದನಿ ಜೋರೇ."
ಜಾಗವಾಯಿತು.

ಆಮೇಲೆ ಸರ್ವೆ ಕೋಣೆಯ ತಾರಸಿ ಚೂರು ಬಿತ್ತು.
ಗಣಪು ಗಾಂವಕರನ ಮೇಜು ಕೆಳಕ್ಕೆ ಹೊತ್ತವ ನಾನೇ,
ದೀಪಸ್ತಂಭ ವಿಭಾಗದ ಇಬ್ಬರ ನಡುವೆ ಇಟ್ಟವ ನಾನೇ.
ಆ ಇಬ್ಬರಿಗೆ ಮೇಡಂ ಅಂದರೆ ಆಗುತ್ತಿತ್ತು:
ಮೂರು ವರ್ಷ ಕೊಳೆತ ಬಡ್ತಿ ಫೈಲಿಗೆ ವಾರದಲ್ಲಿ ಸಹಿ.
ಗಣಪು ಯಂತ್ರದ ಕಣ್ಣಿಗೆ
ಎಲೆಯಡಿಕೆಯ ಸುಣ್ಣ ಮೆತ್ತಿದ್ದವ.
ದೀಪಾವಳಿಯ ಹೊತ್ತಿಗೆ ಅವನೇ ನನಗೆ ಹೇಳಿದ,
"ಶಿಸ್ತು ಬೇಕು ಮಾರಾಯಾ.
ನಾ ಮೊದಲಿಂದ್ಲೂ ಅದನ್ನೇ ಹೇಳ್ತಿದ್ದೆ ಅಲ್ದಾ?"
ಮುಖದಲ್ಲಿ ಸುಳ್ಳಿರಲಿಲ್ಲ. ಅವನಿಗೆ ಹಾಗೇ ನೆನಪು.
ಮೇಜು ಹೊತ್ತ ಬೆನ್ನಿಗೆ ಬೇರೆ ನೆನಪು.

ಬೈತಖೋಲದಲ್ಲಿ ಲಂಗರು ಹಾಕಿದ ದೋಣಿಗಳನ್ನು ನೋಡಬೇಕು.
ಉಬ್ಬರ ಮುಗಿದು ನೀರು ತಿರುಗುವ ಹೊತ್ತು
ಒಂದೊಂದೇ ಮೂತಿ ತಿರುಗಿಸುತ್ತವೆ, ಅವಸರವಿಲ್ಲ,
ತಾನೇ ಯೋಚಿಸಿ ತಿರುಗಿದೆನೆಂಬ ಗತ್ತು.
ಅರ್ಧ ತಾಸಿನಲ್ಲಿ ಎಲ್ಲಕ್ಕೂ ಗುಡ್ಡದ ಕಡೆ ಮುಖ.
ಒಂದು ಮಾತ್ರ ಅಡ್ಡ ನಿಂತಿದ್ದರೆ
ತಳ ಮರಳಿಗೆ ಕಚ್ಚಿದೆ ಅಂತ ಲೆಕ್ಕ.

ನನ್ನದು ಸ್ಟೂಲು. ಸ್ಟೂಲಿಗೆ ಎಲ್ಲ ಮೇಜೂ ಸಮದೂರ.
ಮೇಡಂ ಪಾಪ, ಒಂಟಿ, ಕೆಲಸಗಾರ್ತಿ:
ಇದು ನನ್ನ ಸ್ವಂತದ್ದು,
ಹನ್ನೊಂದು ಕಡೆಯ ಮಾತು ತೂಗಿ, ಜರಡಿ ಹಿಡಿದು ಇಟ್ಟುಕೊಂಡದ್ದು.
ಹಾಗಂತ ತಿಳಿದಿದ್ದೆ.

ಮೊನ್ನೆ ಜೀಪು ಓಡಿಸುವ ಇನಾಸನಿಗೆ ಕುಮಟೆಗೆ ವರ್ಗವಾಯಿತು.
ಸಂಜೆ ಧಕ್ಕೆಯ ಮೇಲೆ ಒಬ್ಬನೇ ಬೀಡಿ ಬಾಯಿಗಿಟ್ಟೆ.
ದಿನಾ ಇದೇ ಹೊತ್ತು ಅವ ಕಡ್ಡಿ ಗೀರುತ್ತಿದ್ದ,
ಗೀರುತ್ತಾ ಅನ್ನುತ್ತಿದ್ದ,
"ಪಾಪ ಬಾಯಿ, ಒಂಟಿ. ಕೆಲಸಗಾರ್ತಿ ಬಿಡು."
ಬೀಡಿ ಬಾಯಲ್ಲೇ ಇತ್ತು. ಹಚ್ಚಲು ಮರೆತೆ.

ಇವತ್ತು ಹೊಸ ಡ್ರೈವರ್ ಬಂದ, ಹಳಗಾ ಕಡೆಯ ಹುಡುಗ.
ಬೆಂಕಿಪೊಟ್ಟಣ ಕೇಳಿದ.
ನಾಲ್ಕು ಹೆಜ್ಜೆ ದೂರದಿಂದಲೇ ಎಸೆದೆ.
ಕಡಲ ಗಾಳಿಗೆ ಮೂರು ಕಡ್ಡಿ ನಂದಿದವು.
ನಾಲ್ಕನೆಯದಕ್ಕೆ ನಾನೇ ಹತ್ತಿರ ಹೋಗಿ
ಎರಡೂ ಕೈ ಅಡ್ಡ ಹಿಡಿದೆ.
ಉರಿ ಹತ್ತಿತು. ಹೊಗೆಯೊಳಗಿಂದ ಅವ ಕೇಳಿದ,
"ಮೇಡಂ ಹೆಂಗೆ ಅಣ್ಣಾ?"