ತೋಳಿನ ಲೆಕ್ಕ

ಮನಾಮಾದ ಗುದೈಬಿಯಾದಲ್ಲಿ, ಮೂರನೆಯ ಮಹಡಿಯಲ್ಲಿ,
ಬಾಗಿ ದಿನಾ ಹತ್ತಕ್ಕೆ ಇಲ್ಕಾ ಅಜ್ಜಿಯನ್ನು ಮೀಯಿಸುತ್ತಾಳೆ.
ಎಡತೋಳಿನಲ್ಲಿ ನೀಲಿ ಅಂಕಿಗಳು,
ಮಾಸಿ, ಸುಕ್ಕಿನೊಳಗೆ ಓರೆಯಾಗಿ,
ಎಂಟೋ ಮೂರೋ ತಿಳಿಯದ ಒಂದು.

ಮೊದಲು ಬಾಗಿ ಅಂದುಕೊಂಡದ್ದು:
ಮರೆವಿನ ಮುದುಕಿ, ದಾರಿ ತಪ್ಪಿದರೆ ಇರಲಿ ಅಂತ
ಮಗಳ ಫೋನ್ ನಂಬರು ಬರೆಸಿದ್ದಾರೆ.
ಒಮ್ಮೆ ಒತ್ತಿಯೂ ನೋಡಿದಳಂತೆ.
ಅಂಕಿ ಸಾಲದು ಅಂತ ಅರಬಿಯಲ್ಲಿ ಒಂದು ದನಿ.

ಆಮೇಲೆ ತನ್ನಜ್ಜಿಯ ತೋಳು ನೆನಪಾಯಿತು.
ಸೊಪ್ಪಿನ ರಸ, ದೀಪದ ಕಾಡಿಗೆ, ಮೂರು ಸೂಜಿ.
ಹಚ್ಚೆಯವಳು ಹಾಡುತ್ತಾ ಹಾಡುತ್ತಾ
ನೋವನ್ನು ಆಚೆಮನೆಗೆ ಕಳಿಸುತ್ತಿದ್ದಳು.
ಚೇಳು, ತುಳಸಿಕಟ್ಟೆ, ತವರಿನ ತೊಟ್ಟಿಲು.
'ಸತ್ತರೆ ಸಂಗಡ ಬರುವುದು ಇದೊಂದೇ ಮಗಾ,
ಬಂಗಾರ ಬಿಚ್ಚಿಕೊಳ್ಳುತ್ತಾರೆ.'

'ನಿಮಗೆ ಹಾಕುವಾಗ ಯಾರು ಹಾಡಿದರು?'
ಬೆನ್ನುಜ್ಜುತ್ತಾ ಕೇಳಿಯೇಬಿಟ್ಟಳು.
ಅಜ್ಜಿ ನಲ್ಲಿ ನಿಲ್ಲಿಸಿದರು.
'ಒಬ್ಬಳು ಚುಚ್ಚಿದಳು, ಒಬ್ಬಳು ಲೆಕ್ಕ ಬರೆದಳು.
ನನಗೆ ಹದಿನಾಲ್ಕು. ಅಮ್ಮನನ್ನು ಇನ್ನೊಂದು ಸಾಲಿಗೆ ಕಳಿಸಿದ್ದರು.
ಆ ಸಾಲಿನವರಿಗೆ
ನಂಬರು ಹಾಕುವ ತೊಂದರೆ ತೆಗೆದುಕೊಳ್ಳಲಿಲ್ಲ.'

ಇದು ನನಗೆ ಬಾಗಿ ಹೇಳಿದ್ದು,
ಶುಕ್ರವಾರ, ಕರಕ್ ಚಹಾ ಆರುತ್ತಿದ್ದಾಗ.
ನಾನು ಪತ್ರಿಕೆಯಲ್ಲಿ ಅಕ್ಷರ ತಿದ್ದುವವಳು:
ಚಿನ್ನದ ದರ, ನಮಾಜಿನ ವೇಳೆ, ನಿಧನ ವಾರ್ತೆ.
ಸುದ್ದಿ ಬರೆಯುವುದು ಬೇರೆಯವರ ಕೆಲಸ ಅಂತ
ಹದಿನೇಳು ವರ್ಷ ಕ್ಷೇಮವಾಗಿದ್ದೆ.

ಅದೇ ವಾರ ಊರಿನ ಗ್ರೂಪಿಗೆ ಪಟ್ಟಿಯೊಂದು ಬಂತು.
ಅಂಗಡಿ, ಮಾಲೀಕ, ಬೀದಿ. ಕಾಗುಣಿತ ಒಂದೂ ತಪ್ಪಿಲ್ಲ.
ಇವರಲ್ಲಿ ಕೊಳ್ಳಬೇಡಿ.
ಕೆಳಗೆ ದೊಡ್ಡಮ್ಮನ ಮಗನ ಹೆಬ್ಬೆರಳು.
ಹದಿಮೂರನೆಯದು ಹಮೀದಾಕನ ಜವಳಿ ಅಂಗಡಿ;
ನನ್ನ ಮೊದಲ ಯೂನಿಫಾರ್ಮಿಗೆ
ಒಂದು ಗೇಣು ಹೆಚ್ಚೇ ಹರಿದುಕೊಟ್ಟು
'ಬೆಳೆಯುವ ಹುಡುಗಿ' ಅಂದವರು.

ಫೋನನ್ನು ಅಜ್ಜಿಯ ಮುಂದೆ ಹಿಡಿದೆ.
ಕನ್ನಡ ಬಾರದ ಬೆರಳು ಅಂಚಿನ ಅಂಕಿಗಳ ಮೇಲೆ
ಮೇಲಿಂದ ಕೆಳಕ್ಕೆ ಇಳಿಯಿತು.
'ಅಕ್ಷರ ಗೊತ್ತಿಲ್ಲ. ಆಕಾರ ಗೊತ್ತು.
ಅಪ್ಪನ ಗುಂಡಿ ಅಂಗಡಿ ಇಪ್ಪತ್ತೆರಡನೆಯದು.'

ಬಾಗಿ ಬಾಗಿಲಲ್ಲಿದ್ದಳು, ಕೈಯಲ್ಲಿ ಒದ್ದೆ ಟವೆಲು.
'ಏಜೆಂಟನ ಡ್ರಾಯರಿನಲ್ಲಿ ನಮ್ಮ ಪಾಸ್‌ಪೋರ್ಟುಗಳಿವೆ,
ರಬ್ಬರ್ ಬ್ಯಾಂಡು ಸುತ್ತಿ, ನಂಬರು ಅಂಟಿಸಿ.
ಅದೂ ಇದೇ ಏನಜ್ಜಿ?'
'ಅಲ್ಲ,' ಅಂದರು ಇಲ್ಕಾ, ಸ್ವಲ್ಪ ಸಿಟ್ಟಿನಲ್ಲೇ.
'ಎರಡನ್ನೂ ಒಂದೇ ಅನ್ನಬೇಡ. ಯಾವತ್ತೂ.
ಆದರೆ ಆ ಡ್ರಾಯರು ತೆರೆಸು.'

ಆ ರಾತ್ರಿ ಗ್ರೂಪಿನಲ್ಲಿ ಬರೆದೆ:
ಹದಿಮೂರನೆಯವರ ಬಟ್ಟೆ ತೊಟ್ಟು ಓದಿದವಳು ನಾನು.
ಕೆಳಗೆ ನನ್ನ ಪೂರ್ತಿ ಹೆಸರು.
ನಾಲ್ಕು ನಿಮಿಷಕ್ಕೆ ತೆಗೆದುಹಾಕಿದರು.
ಎ.ಸಿ.ಯ ನೀರು ಬಕೆಟಿಗೆ ತೊಟ್ಟಿಕ್ಕುತ್ತಿತ್ತು,
ನಿದ್ದೆ ಬರಲಿಲ್ಲ; ಧೈರ್ಯ ಅಂದರೆ ಹಗುರಾಗುವುದು
ಅಂತ ಯಾರು ಹೇಳಿದರೋ.

ಮುಹರ್ರಕ್‌ನ ವಕೀಲೆ ಶೈಮಾ ಒಪ್ಪಿಕೊಂಡಳು.
ನಲವತ್ತೊಂದು ಹೆಂಗಸರ ಅರ್ಜಿ.
'ಒಂದು ಅಕ್ಷರ ತಪ್ಪಿದರೂ ವಾಪಸು ಬರುತ್ತೆ,' ಅಂದಳು,
ಕನ್ನಡಕವನ್ನು ಅಬಾಯಾದ ತುದಿಯಲ್ಲಿ ಒರೆಸುತ್ತಾ.
ಸರಿ, ಅದು ನನ್ನ ಕಸುಬು.
ಕ್ರಮಸಂಖ್ಯೆ ಬಿಡೋಣ ಅಂದೆ.
ಕೋರ್ಟಿಗೆ ಬೇಕಂತೆ. ಹಾಕಿದೆವು.

ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿದೆ,
ಅಪ್ಪ ಅಮ್ಮ ಇಟ್ಟದ್ದು ಏನು, ಜೋರಾಗಿ ಹೇಳಿ.
ಹದಿಮೂರನೆಯ ಸಾಲು ಬಾಗಿಯದು.
ಗೋಡೆ ನೋಡುತ್ತಾ ಹೇಳಿದಳು: ಭಾಗೀರಥಿ.
ಆರು ವರ್ಷದ ಗೆಳತಿ ನಾನು,
ಕೇಳಿರಲೇ ಇಲ್ಲ.