ಗ್ಯಾಪ್ ಅಫಿಡವಿಟ್

"ಮೂವತ್ತೆಂಟು ವರ್ಷ ಗ್ಯಾಪ್ ಇದೆಯಲ್ರೀ,"
ಎಂದಳು ಲಾ ಕಾಲೇಜಿನ ಕಿಟಕಿಯೊಳಗಿನ ಹುಡುಗಿ,
ನನ್ನ ಬಿ.ಎ. ಅಂಕಪಟ್ಟಿಯನ್ನು
ಹಲ್ಲು ಮುರಿದ ಬಾಚಣಿಗೆಯಂತೆ ಬೆಳಕಿಗೆ ಹಿಡಿದು.
"ಅಫಿಡವಿಟ್ ಮಾಡಿಸ್ಕೊಂಡು ಬನ್ನಿ.
ಅಡ್ಮಿಶನ್ನು ಮಗಳಿಗಾ?"
ನನಗೇ, ಎಂದೆ. ಇನ್ನೊಮ್ಮೆ ಫೋಟೋ ನೋಡಿದಳು.

ಕೋರ್ಟಿನೆದುರು ಟೈಪಿಂಗ್ ಅಂಗಡಿಯ ಇಲಿಯಾಸ್‌ನಲ್ಲಿ
ನಮೂನೆ ಸದಾ ಸಿದ್ಧ:
ಕೆರಿಯಪ್ಪ ಬಿನ್ ಲೇಟ್ ಮಂಜನಾಯ್ಕ, ವಯಸ್ಸು ಅರವತ್ತು,
ವಾಸ ಹೊಸಮನೆ ಬಡಾವಣೆ, ಶಿವಮೊಗ್ಗ,
ಪ್ರಮಾಣ ಮಾಡಿ ಹೇಳುವುದೇನೆಂದರೆ,
ಸದರಿ ಅವಧಿಯಲ್ಲಿ ನಾನು ಎಲ್ಲಿಯೂ
ಯಾವ ವ್ಯಾಸಂಗವನ್ನೂ ಮಾಡಿರುವುದಿಲ್ಲ.

ಸಹಿಗೆ ಬಗ್ಗಿದವನು ಹಾಗೇ ನಿಂತೆ.

ಸದರಿ ಅವಧಿಯಲ್ಲಿ ನಾನು ಸಮನ್ಸ್ ಹಂಚಿದೆ.
ಮೊದಲು ಸೈಕಲ್ಲು, ಆಮೇಲೆ ಲೂನಾ.
ಸಾಗರದಲ್ಲಿದ್ದಾಗ ತುಮರಿಯ ಲಾಂಚು ತಪ್ಪಿ
ಬ್ಯಾಗನ್ನೇ ದಿಂಬು ಮಾಡಿ ದಡದಲ್ಲಿ ಮಲಗಿದೆ;
ಆ ದಿಂಬಿನೊಳಗೆ ಹನ್ನೊಂದು ಮನೆಗಳ ನಿದ್ದೆ.

ಗಂಡ ಊರಲ್ಲಿಲ್ಲ ಅಂದವಳ ಹೊಸ್ತಿಲಲ್ಲಿ
ಗಂಡಸಿನ ಚಪ್ಪಲಿ ಇನ್ನೂ ಒದ್ದೆಯಿತ್ತು.
ಅವಳು ಕೊಟ್ಟ ಮಜ್ಜಿಗೆ ಕುಡಿದು
'ಮನೆಯಲ್ಲಿ ಇರುವುದಿಲ್ಲ' ಎಂದು ಶರಾ ಬರೆದೆ.
ಸುಳ್ಳೋ, ದಯೆಯೋ, ಮಜ್ಜಿಗೆಯ ಋಣವೋ,
ಅದು ಯಾವ ಸೆಮಿಸ್ಟರಿನ ಪ್ರಶ್ನೆ?

ಇನ್ನೊಬ್ಬಳು, ಆನವಟ್ಟಿಯ ಹತ್ತಿರ,
ಹೆಬ್ಬೆಟ್ಟಿನ ಶಾಯಿ ಸೆರಗಿಗೆ ಒರೆಸುತ್ತ
"ಓದಿ ಹೇಳಣ್ಣ" ಅಂದಳು. ಓದಿದೆ.
"ಅಂದ್ರೆ ಏನು?" ಅಂದಳು. ಮತ್ತೆ ಓದಿದೆ.
ನನಗಿದ್ದದ್ದು ತಲುಪಿಸುವ ನೌಕರಿ.
"ವಕೀಲರನ್ನ ಕೇಳಮ್ಮ" ಎಂದು ಲೂನಾ ತುಳಿದೆ.
ಆ ಮಾತನ್ನು ಎಷ್ಟು ಬಾಗಿಲಲ್ಲಿ ಹೇಳಿದೆನೋ,
ಬರೆದಿಡುವ ರಿಜಿಸ್ಟರು ಇಲಾಖೆಯಲ್ಲಿಲ್ಲ.

ಇಲಿಯಾಸ್, ಆ ಸಾಲು ತೆಗಿ.
"ತೆಗೆದ್ರೆ ಕಾಲೇಜಿನವ್ರು ತಗೊಳಲ್ಲ ಕೆರಿಯಣ್ಣ,
ನಮೂನೆ ಇರೋದೇ ಹಂಗೆ."
ಸುಳ್ಳು ಪ್ರಮಾಣಕ್ಕೆ ಎಷ್ಟು ವರ್ಷ, ಗೊತ್ತಾ?
"ನಿಮಗೆ ಗೊತ್ತಾ?"
ಇಲ್ಲ ಮಾರಾಯ. ಅದಕ್ಕೇ ಸೇರ್ತಿರೋದು.

ಚೌಕಾಸಿ ಮಾಡಿ, ಒಂದು ಚಹಾ ಕುಡಿಸಿ,
'ಎಲ್ಲಿಯೂ' ಹೊಡೆಸಿ 'ಯಾವ ಕಾಲೇಜಿನಲ್ಲಿಯೂ' ಅಂತ ಸೇರಿಸಿದೆ.
ತಿದ್ದಿದ ಜಾಗದಲ್ಲಿ ಚಿಕ್ಕ ಸಹಿ.
ನೋಟರಿ ಹುಡುಗ ಮುಖ ನೋಡದೆ ಸೀಲು ಒತ್ತಿದ;
ಅವನಪ್ಪನಿಗೆ ಒಮ್ಮೆ ನಾನೇ ನೋಟಿಸು ಕೊಟ್ಟಿದ್ದೆ,
ಇಸಿದುಕೊಳ್ಳದೆ ಬಾಗಿಲಿಗೆ ಅಂಟಿಸಿ ಬಂದಿದ್ದೆ.

ಶಾಯಿ ಊದುತ್ತ ಬಂದರೆ ಕಾಲೇಜಿನ ಕಿಟಕಿ ಮುಚ್ಚಿತ್ತು,
ಊಟದ ಹೊತ್ತು.
ಅಭ್ಯಾಸ ಎಲ್ಲಿ ಹೋಗುತ್ತದೆ, ಮೂರು ಸಲ ತಟ್ಟಿ
"ಮನೇಲಿ ಯಾರಿದೀರಿ?" ಎಂದುಬಿಟ್ಟೆ.