ಡಬ್ಬಿಯಲ್ಲಿ ಉಳಿದ ಅಕ್ಷರ

ಮಾರ್ಚ್ ತಿಂಗಳ ಮಂಗಳವಾರ ಫೋನು ಬಂತು:
'ಇಲೋನಾ, ಇಪ್ಪತ್ತೆರಡರ ಬೆನ್ನಿನ ಹೆಸರು ಬಿಚ್ಚಿಬಿಡು.'
ಯಾಕೆಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.
ಹೆಸರು ಹೊಲಿಯುವುದು, ಹೆಸರು ಬಿಚ್ಚುವುದು
ಹತ್ತೊಂಬತ್ತು ವರ್ಷದಿಂದ ನನ್ನ ಕಸುಬು.

ಪ್ರೂಯಿಟ್.
ಕಾಲಿಗಿಂತ ಕೈಗೇ ಕೆಲಸ ಹೆಚ್ಚಿರುವ ನಮ್ಮ ಫುಟ್‌ಬಾಲಿನಲ್ಲಿ
ಎಂಟು ವರ್ಷ ಚೆಂಡನ್ನು ಹಸುಗೂಸಿನ ಹಾಗೆ
ಕಂಕುಳಲ್ಲಿ ಅವುಚಿಕೊಂಡು ಓಡಿದವನು.
ಸೂಜಿಮೊನೆಗೆ ಒಂದೊಂದೇ ಅಕ್ಷರ ಎದ್ದು ಬಂತು,
ಕೊನೆಯ ಎರಡು ಟೀ ಮಾತ್ರ ಹಟ ಹಿಡಿದು ಕೂತವು.
ಕಿತ್ತ ಜಾಗದಲ್ಲಿ ಬಟ್ಟೆ ಇನ್ನೂ
ಅಂಗಡಿಯಿಂದ ತಂದ ದಿನದ ನೀಲಿ.

ಬದಲಿಗೆ ಬಂದದ್ದು ಓಸ್ಟರ್‌ಹೌಟ್,
ಅಡ್ಡಗಟ್ಟುವ ಆಳು, ಎಡ ಮಂಡಿಯಲ್ಲಿ ಎರಡು ಮೊಳೆ;
ಜೊತೆಗೆ ಮುಂದಿನ ವರ್ಷದ ಎರಡನೇ ಸುತ್ತಿನ ಆಯ್ಕೆ.
ಅಂದರೆ, ಎಲ್ಲೋ ಒಂದು ಕಾಲೇಜಿನ ಹಿಂದಿನ ಬೆಂಚಲ್ಲಿ
ಈ ಹೊತ್ತು ತೂಕಡಿಸುತ್ತಿರುವ ಒಬ್ಬ ಹುಡುಗ.
ತಾನೊಂದು ಬೆಲೆಯೆಂದು ಅವನಿಗಿನ್ನೂ ಗೊತ್ತಿಲ್ಲ.

ಟೊಲೀಡೋದ ಪೂರ್ವ ದಂಡೆ, ಕಾನ್‌ಸಾಲ್ ಬೀದಿ.
ಕ್ಷೌರದಂಗಡಿಯ ಲಾಯೋಷ್ ಅಂದೇ ಸಂಜೆ
ಅರ್ಧ ಗಡ್ಡದ ಗಿರಾಕಿಯನ್ನು ಮರೆತು,
ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿ, ತೀರ್ಪು ಕೊಟ್ಟ:
'ಕುದುರೆ ಕೊಟ್ಟು ಲಾಳ ತಂದರು.'
ನನ್ನಕ್ಕನ ಮಗ ಗೇಜಾ ಬ್ಯಾಂಕಿನವನು.
ಕಾಗದದ ಮೇಲೆ ಗೆರೆ ಎಳೆದು ತೋರಿಸಿದ:
'ಇಪ್ಪತ್ತೊಂಬತ್ತು ದಾಟಿದ ಕಾಲು ಬೆಳಗಿನ ಹಾಲು, ಚಿಕ್ಕಮ್ಮ,
ಸಂಜೆಗೆ ಒಡೆಯುತ್ತೆ. ಮಾರುವುದಿದ್ದರೆ ಈಗಲೇ.'

ಅಕ್ಟೋಬರಿನಲ್ಲಿ ಓಸ್ಟರ್‌ಹೌಟನ ಮಂಡಿ ಕುಸಿಯಿತು,
ಲಾಯೋಷ್ ಒಂದಂಗುಲ ಎತ್ತರವಾದ.
ಡಿಸೆಂಬರಿನಲ್ಲಿ, ಅಲ್ಲೆಲ್ಲೋ ಹಿಮದಲ್ಲಿ,
ಗೆರೆ ಇನ್ನೊಂದೇ ಗೇಣು ಎನ್ನುವಾಗ
ಪ್ರೂಯಿಟನ ಕಂಕುಳಿಂದ ಚೆಂಡು ಜಾರಿತು.
ಗೇಜಾ ಫೋನಿನಲ್ಲಿ ನಕ್ಕ ನಗೆಗೆ
ಒಲೆಯ ಮೇಲಿನ ಎಲೆಕೋಸು ಸೀದುಹೋಯಿತು.
ಒಂದು ಭಾನುವಾರ ಜಾಣತನ,
ಮುಂದಿನ ಭಾನುವಾರ ದಡ್ಡತನ.
ವ್ಯಾಪಾರ ಮಾತ್ರ ಅದೇ ಮಾರ್ಚಿನದು.

ಹೊರಡುವ ದಿನ ಅವನೇ ನೆಲಮಾಳಿಗೆಗೆ ಇಳಿದು ಬಂದಿದ್ದ,
ಮುಳ್ಳು ಬೂಟು ಒಪ್ಪಿಸಲು. ಜೊತೆಗೆ ಮಗಳು,
ಮುಂದಿನ ಹಲ್ಲಿಲ್ಲ. ಏಪ್ರಿಲಿನಲ್ಲಿ ಶಾಲೆಯ ನಾಟಕ,
ಅವಳು ಮೂರನೇ ಬಾತುಕೋಳಿ.
'ನಾನಿಲ್ಲದಿದ್ದರೆ ಎರಡೇ ಬಾತು ಉಳಿಯೋದು' ಅಂದಳು,
ಗೇಜಾನ ಕಾಗದದಲ್ಲಿ ಇಲ್ಲದ ಲೆಕ್ಕ.
'ಕಿತ್ತ ಅಕ್ಷರ ಏನು ಮಾಡ್ತೀರಿ?' ಅವನು ಕೇಳಿದ.
ಬಿಸ್ಕತ್ತಿನ ಡಬ್ಬಿ ತೆರೆದು ತೋರಿಸಿದೆ.
ತುಂಬ ಹೊತ್ತು ನೋಡಿದ. ಏನೂ ಅನ್ನಲಿಲ್ಲ.

ಮರುವರ್ಷ ಮೇ ತಿಂಗಳಲ್ಲಿ ಆ ಹುಡುಗ ಬಂದ,
ಟುಯಿಟೆಲೆ. ಬಾಗಿಲಿಗೆ ಬಾಗಿ ಒಳಗೆ ಬರುವಷ್ಟು ಎತ್ತರ,
ದನಿ ಮಾತ್ರ ಇನ್ನೂ ಒಡೆದಿಲ್ಲವೇನೋ ಎಂಬಷ್ಟು ಮೆತ್ತಗೆ.
ಬೆನ್ನಿನಗಲಕ್ಕೆ ಹೆಸರು ಜೋಡಿಸುತ್ತ ಡಬ್ಬಿ ಕೆದಕಿದೆ:
ಟೀ, ಯೂ, ಐ, ಮತ್ತೊಂದು ಟೀ,
ಪ್ರೂಯಿಟನ ನಾಲ್ಕೂ ಅಕ್ಷರ ಸರಿಯಾಗಿ ಕೂತವು.
ಮೂರು ಮಾತ್ರ ಹೊಸದಾಗಿ ಕತ್ತರಿಸಿದೆ.

'ಈಗ ನೀನು ಹೇಳು' ಅನ್ನುತ್ತಾನೆ ಲಾಯೋಷ್,
'ಲಾಭವೋ, ನಷ್ಟವೋ?'
'ಹೊಲಿಗೆಯ ಮಾತು ಒಗೆದ ಮೇಲೆ' ಅಂದೆ.
'ಎಷ್ಟು ಸಲ ಒಗೆದ ಮೇಲೆ?'
ಅದು ನನಗೂ ಗೊತ್ತಿಲ್ಲ.
ಡಬ್ಬಿಯಲ್ಲಿ ಒಂದು ಪೀ, ಒಂದು ಆರ್ ಹಾಗೇ ಇವೆ.